ಎಡಗೈಯವನ ಚಾಕು

ನಿಪ್ಪಾಣಿ
೯ ಜೂನ್ ೨೦೨೫

ಶಿರಗುಪ್ಪಿ ಕನ್ನಡ ಸಾಲಿ ಟೀಚರ್ ನೀಲಮ ಬಾಯಾರಿಗೆ ನಿಪ್ಪಾಣಿಯ ಸಾಣಿ ಮೌಲಾಲಿಯ ಸಲಾಮ.

ಗುರ್ತಿಲ್ಲದಾಂವ ಕಾಗದ ಬರದಾನಂತ ಗಾಬರಿ ಆಗಬ್ಯಾಡ್ರಿ. ಹೋದ ವಾರ ಚಿಕ್ಕೋಡಿ ಸಂತ್ಯಾಗ ನಮ್ಮ ಅಂಗಡ್ಯಾಗ ನೀವೊಂದು ಹಳೇ ಮಡಚು ಚಾಕು ತಗೊಂಡ್ರಿ. ಕೊಂಬಿನ ಹಿಡಿ, ಹಿತ್ತಾಳಿ ಕಟ್ಟು, ಅಲಗಿನ ಬುಡಕ ಸವದು ಹೋದ ಇಂಗ್ಲೀಷ ಅಕ್ಷರ. ನಾ ನಮಾಜಿಗೆ ಹೋಗಿದ್ದೆ. ಅಂಗಡ್ಯಾಗ ಇದ್ದಾಕಿ ನನ್ನ ಮೊಮ್ಮಗಳು ಅರ್ಶಿಯಾ. ನೀವು ಫೋನಿನ ಮ್ಯಾಲೆ ರೊಕ್ಕ ಹಾಕಿದ್ದಕ್ಕ ಹೆಸರು ಸಿಕ್ತು, ಸಾಲಿ ಯಾವುದಂತ ಮಾತಿನಾಗ ನೀವ ಹೇಳಿದ್ರಂತ.

ಬಾಯಾರ, ಆ ಚಾಕು ಮಾರೂದಲ್ಲ.

ನನ್ನ ಹತ್ರ ಎರಡು ಪೆಟಿಗಿ ಅದಾವ. ಒಂದರಾಗ ನಾ ಗುಜರಿಯವರ ಕಡಿಂದ ಕೊಂಡು ತಂದ ಹಳೇ ಚಾಕು. ತುಕ್ಕು ತಗದು, ಸಾಣಿ ಹಿಡದು ಮಾರತೀನಿ. ಕೊಲ್ಹಾಪುರದ ಶೌಕಿ ಮಂದಿ ಬಂದು ಒಯ್ತಾರ. ಇನ್ನೊಂದರಾಗ ಕೆಂಪು ಅರಿವ್ಯಾಗ ಸುತ್ತಿದ್ದು ಅಮಾನತ್ತು. ಅಂದ್ರ ಮಂದಿ ನನ್ನ ನಂಬಿ ಸಾಣಿಗಂತ ಇಟ್ಟು ಹೋದ ಜಿನಸು. ನಮ್ಮ ಅಜ್ಜನ ಕಾಲದಿಂದ ಅಮಾನತ್ತು ಮಾರಿದ್ದಿಲ್ಲ. ಒಬ್ಬ ಹಜಾಮನ ಕತ್ರಿ ಐತಿ, ಇಟ್ಟಾಂವ ಸತ್ತು ಹದಿನಾಲ್ಕು ವರ್ಷ ಆತು, ಇವತ್ತಿಗೂ ಶುಕ್ರವಾರಕ್ಕೊಮ್ಮೆ ಅದಕ್ಕ ಎಣ್ಣಿ ಹಚ್ಚತೀನಿ. ಅರ್ಶಿಯಾ ಹೊಳಪು ನೋಡಿ ಕೆಂಪು ಅರಿವಿ ಬಿಚ್ಚಿ ನಿಮಗ ಕೊಟ್ಟುಬಿಟ್ಟಾಳ. ಆಕಿಗೆ ಬಾಯಿಗೆ ಬಂದಂಗ ಬೈದೇನಿ, ಆಕಿ ಎರಡು ದಿನ ನನ್ನ ಕೂಡ ಮಾತಾಡಿಲ್ಲ.

ಚಾಕು ಇಟ್ಟಾಂವ ಬರತಾನ. ಬಂದಾಗ ಏನು ಕೊಡ್ಲಿ, ನನ್ನ ಮಾರಿ ತೋರಸ್ಲೇನು? ಪೋಸ್ಟಿನಾಗ ಕಳಿಸಿಕೊಡ್ರಿ, ನಿಮ್ಮ ರೊಕ್ಕ ತಿರಗಿ ಕಳಸತೀನಿ. ಫೋನ್ ಮಾಡಬ್ಯಾಡ್ರಿ. ಐವತ್ತು ವರ್ಷ ಸಾಣಿಕಲ್ಲಿನ ಸಪ್ಪಳಕ್ಕ ನನ್ನ ಕಿವಿ ಎರಡೂ ಹೋಗ್ಯಾವ. ಕಾಗದ ಬರೀರಿ.

ಮೌಲಾಲಿ


ಶಿರಗುಪ್ಪಿ
೧೭ ಜೂನ್ ೨೦೨೫

ಶ್ರೀ ಮೌಲಾಲಿ ಅವರಿಗೆ ನಮಸ್ಕಾರಗಳು.

ತಮ್ಮ ಪತ್ರ ಶಾಲೆಯ ವಿಳಾಸಕ್ಕೆ ತಲುಪಿತು. ಚಾಕುವನ್ನು ನಾನು ಬೆಲೆ ಕೊಟ್ಟು ಖರೀದಿಸಿದ್ದೇನೆ. ಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚಲು ಉಪಯೋಗವಾಗುತ್ತಿದೆ. ಹಿಂತಿರುಗಿಸುವ ಬಗ್ಗೆ ವಿಚಾರ ಮಾಡುತ್ತೇನೆ. ಆದರೆ ಅದರ ಮಾಲೀಕರು ಯಾರು, ಯಾವ ಊರಿನವರು, ಎಂದು ಇಟ್ಟುಹೋದರು, ಈಗ ಎಲ್ಲಿದ್ದಾರೆ ಎಂಬುದನ್ನು ತಿಳಿಸಿದರೆ ನನಗೂ ನಂಬಿಕೆ ಬರುತ್ತದೆ.

ಹಿಡಿಯ ಮೇಲೆ ಹಲ್ಲಿನಿಂದ ಕಚ್ಚಿದಂತೆ ಎರಡು ತಗ್ಗುಗಳಿವೆ. ಅವು ಮೊದಲೇ ಇದ್ದವೇ? ಚಾಕುವನ್ನು ತಾವು ಹೇಗೆ ಸರಿಪಡಿಸಿದಿರಿ, ಮೊದಲು ಅದು ಹೇಗಿತ್ತು ಎಂಬುದನ್ನೂ ಬರೆಯಿರಿ. ಕುತೂಹಲಕ್ಕಾಗಿ ಕೇಳಿದೆ, ಅಷ್ಟೆ.

ಪತ್ರವನ್ನು ಶಾಲೆಯ ವಿಳಾಸಕ್ಕೇ ಬರೆಯಿರಿ. ಮನೆಗೆ ಬೇಡ.

ಇತಿ,
ನೀಲಮ, ಸಹಶಿಕ್ಷಕಿ


ನಿಪ್ಪಾಣಿ
೨೫ ಜೂನ್ ೨೦೨೫

ಬಾಯಾರಿಗೆ ಸಲಾಮ.

ಉಳ್ಳಾಗಡ್ಡಿ! ಅಲ್ರೀ, ಅದು ದ್ರಾಕ್ಷಿ ಬಳ್ಳಿಗೆ ಕಲಂ ಕಟ್ಟೂ, ಕಸಿ ಮಾಡೂ ಚಾಕು. ಉಳ್ಳಾಗಡ್ಡಿ ರಸ ಹತ್ತಿದ್ರ ಆ ಕಾಲದ ಉಕ್ಕು ಎರಡು ದಿನದಾಗ ಕಪ್ಪಾಗತೈತಿ. ಈಗಿಂದೀಗ ಒರಸಿ ಕೊಬ್ರಿ ಎಣ್ಣಿ ಹಚ್ಚಿ ಇಡ್ರಿ. ಸಾಲಿ ಕಲಿತವರಿಗೆ ಇಷ್ಟು ತಿಳಿಬಾರದೇನ್ರಿ?

ಕೈಗೆ ಬಂದಾಗ ಅದು ಹೆಂಗಿತ್ತು ಕೇಳ್ರಿ. ತೆರಿಯಾಕ ಬರತಿರಲಿಲ್ಲ. ಕೀಲಿನ್ಯಾಗ ಕಬ್ಬಿನ ಹಾಲು ಇಳದು ಬೆಲ್ಲ ಆಗಿ ಕುಂತಿತ್ತು, ಅದರ ಮ್ಯಾಲೆ ಕರ್ರಗಂದು ಏನೋ ಒಣಗಿತ್ತು. ಮೂರು ದಿನ ಚಿಮಣಿ ಎಣ್ಯಾಗ ನೆನಿ ಇಟ್ಟೆ. ಅವಸರ ಮಾಡಿ ಎಳದಿದ್ರ ಒಳಗಿನ ಸ್ಪ್ರಿಂಗ್ ಪಟ್ಟಿ ಮುರೀತಿತ್ತು, ಅಂಥಾ ಪಟ್ಟಿ ಈಗ ಯಾರು ಮಾಡತಾರ? ನಾಕನೇ ದಿನ ಕೀಲಿನ ಮೊಳಿ ತಟ್ಟಿ ಹೊರಗ ತಗದು ತುಂಡು ತುಂಡು ಬಿಚ್ಚಿದೆ. ಮಂದಿ ತುಕ್ಕಿಗೆ ಮಸಿನ್ ಹಚ್ಚತಾರ, ಅಲಗು ಕಾಯ್ದು ಹದ ಕೆಡತೈತಿ. ನಾ ಹಂಗ ಮಾಡೂದಿಲ್ಲ. ಜಾಳಿಸಿದ ಇಟ್ಟಂಗಿ ಪುಡಿ, ಎಣ್ಣಿ, ಅರಿವಿ ಚೂರು, ಮತ್ತ ನನ್ನ ಹೆಬ್ಬೆಟ್ಟು. ಹಿತ್ತಾಳಿಗೆ ಹುಣಸಿಹಣ್ಣು, ಹಿಡಿಗೆ ಅಗಸಿ ಎಣ್ಣಿ. ಹಿತ್ತಾಳಿ ತಂತಿ ಕಡದು ಹೊಸಾ ಮೊಳಿ ಬಡದು ಕೂಡಿಸಿದ ಮ್ಯಾಲೆ ಮಡಚಿದ್ರ ಟಕ್ ಅಂತು. ಕಿವಿ ಹೋಗ್ಯಾವಂತ ಹೇಳಿದ್ನಲ್ಲ, ಆದರ ಆ ಟಕ್ ಅನ್ನೂದು ನನಗ ಬೆರಳಿಗೆ ಕೇಳತೈತಿ.

ಸಾಣಿದು ಬ್ಯಾರೆ ಕಥಿ. ಕಲಂ ಚಾಕೂಗೆ ಒಂದ ಮಗ್ಗಲ ಸಾಣಿ ಇರತೈತಿ. ಒಂದು ಮಗ್ಗಲ ಇಳಿಜಾರು, ಇನ್ನೊಂದು ಸಪಾಟ. ಸಪಾಟ ಮಗ್ಗಲ ಕಡ್ಡಿಗೆ ಕುಂತ್ರ ಕೊಯ್ದ ಮೈ ನೆಟ್ಟಗ ಬರತೈತಿ, ಎರಡೂ ಕಡ್ಡಿ ಗಾಳಿ ಹೋಗದಂಗ ಕೂಡತಾವ. ಈ ಚಾಕುವಿನ ಸಾಣಿ ಎಡಗೈಯವನಿಗೆ ಇತ್ತು. ಅದನ್ನ ಬಲಗೈಗೆ ತಿರಗಿಸಿ ಕೊಡು ಅಂತ ಮಾಲಕ ಹೇಳಿದ. ಅಂದ್ರ ಒಂದು ಮಗ್ಗಲ ಪೂರಾ ಸವಸಿ ಇನ್ನೊಂದು ಮಗ್ಗಲ ಹೊಸದಾಗಿ ಎಬ್ಬಸಬೇಕು. ಮೊದಲ ದಪ್ಪ ಕಲ್ಲು, ಆಮ್ಯಾಲೆ ನೀರು ಹಾಕಿ ನುಣ್ಣನ ಕಲ್ಲು, ಕಡೀಕ ತೊಗಲಿನ ಪಟ್ಟಿ. ಎಂಟು ದಿನ ಹಿಡೀತು. ಅಲಗು ಒಂದು ಗೋದಿಕಾಳಿನಷ್ಟು ಸವದು ಸಣ್ಣ ಆತು. ಯಾಕ ತಿರಗಸಬೇಕು ಅಂತ ನಾ ಕೇಳಲಿಲ್ಲ. ನಮ್ಮ ಧಂದೆದಾಗ ಕೇಳಬಾರದು.

ಹಲ್ಲಿನ ಗುರುತು ಮೊದಲಿನವ. ಕಲಂ ಕಟ್ಟುವಾಗ ಎರಡೂ ಕೈ ಬೇಕಾಗತಾವ, ಚಾಕು ಬಾಯಾಗ ಕಚ್ಚಿ ಹಿಡೀತಾರ. ಅವನ್ನ ನಾ ತಿಕ್ಕಿ ತಗೀಲಿಲ್ಲ. ಅವು ಮಾಲಕನ ಗುರುತು.

ಮಾಲಕ ಯಾರಂತ ಹೇಳಾಕ ಆಗೂದಿಲ್ಲ, ಅದೂ ಅಮಾನತ್ತ. ಶ್ರಾವಣದಾಗ ಕಲಂ ಸುರು ಆಗೂದ್ರೊಳಗ ಒಯ್ತೇನಿ ಅಂದಾನ. ಅಷ್ಟ್ರಾಗ ಕಳಿಸಿಕೊಡ್ರಿ.

ಮೌಲಾಲಿ


ಶಿರಗುಪ್ಪಿ
೩ ಜುಲೈ ೨೦೨೫

ಮೌಲಾಲಿ ಚಾಚಾ,

ಉಳ್ಳಾಗಡ್ಡಿ ಸುಳ್ಳು. ಚಾಕು ತಂದ ದಿನದಿಂದ ನನ್ನ ಬ್ಯಾಗಿನ್ಯಾಗ ಐತಿ, ಮನ್ಯಾಗ ಯಾರಿಗೂ ತೋರಿಸಿಲ್ಲ. ನಿಮ್ಮ ಅರ್ಶಿಯಾನ ಮುಂದ ಅದನ್ನ ನೋಡಿದ ಕೂಡ್ಲೆ ಗುರ್ತ ಹಿಡದೆ. ನನ್ನ ಗಂಡ ಬಸ್ಸಿನ್ಯಾಗ ಕುಂತು ಕೂಗಾಕತ್ತಿದ್ರು. ರೊಕ್ಕ ಹಾಕಿ, ಚಾಕು ಮುಟಿಗ್ಯಾಗ ಹಿಡಕೊಂಡು ಓಡಿದೆ.

ಅದು ನನ್ನ ತಮ್ಮ ಸಂಗ್ರಾಮಂದು.

ನಮ್ಮ ತವರು ಕೊಕಟನೂರು. ಆ ಚಾಕು ನಮ್ಮ ಮುತ್ಯಾಂದು. ಸಂಗ್ರಾಮ ಹುಟ್ಟಾ ಎಡಗೈಯಾಂವ. ಉಣ್ಣಾಕ ಕುಂತಾಗ ಎಡಗೈ ಮುಂದ ಮಾಡಿದ್ರ ನಮ್ಮಪ್ಪ ಬಾಳಾಸಾಬ ಆ ಕೈ ಹಿಂದಕ ತಿರುವಿ ಹಗ್ಗಲೆ ಕಟ್ಟತಿದ್ದ. ನಾ ತುತ್ತು ಮಾಡಿ ಉಣಸತಿದ್ದೆ. ಮುತ್ಯಾ ಒಬ್ಬನ, ಹುಡುಗನ ಕೈ ಹೆಂಗೈತೋ ಹಂಗ ಚಾಕು ಇರ್ಲಿ ಅಂತ ಎಡಗೈ ಸಾಣಿ ಹಿಡಿಸಿಕೊಟ್ಟ. ಹದಿನೆಂಟು ವರ್ಷಕ್ಕ ಅಥಣಿ ಕಡೀ ಅವನಂಥಾ ಕಲಂ ಕಟ್ಟಾಂವ ಇರಲಿಲ್ಲ. ನೂರು ಕಟ್ಟಿದ್ರ ತೊಂಬತ್ತೈದು ಹತ್ತತಿದ್ವು.

ನಾಕು ವರ್ಷದ ಹಿಂದ ಅಪ್ಪನ ಕೂಡ ಜಗಳಾಡಿ ತಾಸಗಾಂವ ಕಡೀ ಕಲಂ ಕೆಲಸಕ್ಕ ಹೋದ. ಎಂಟು ತಿಂಗಳು ಫೋನ್ ಬಂತು. ಆಮ್ಯಾಲೆ ಫೋನ್ ಬಂದ್ ಆತು. ಹುಡುಕಿದಿವಿ, ಸಿಗಲಿಲ್ಲ.

ಅವ ಸತ್ತರೂ ಎಡಗೈ ಸಾಣಿ ತಿರಗಸಾಂವ ಅಲ್ಲ. ಅಪ್ಪನ ಹಗ್ಗಕ್ಕ ಬಗ್ಗದ ಕೈ ಅದು. ಅಂದ್ರ ಚಾಕು ನಿಮ್ಮಲ್ಲಿ ತಂದಾಂವ ಬ್ಯಾರೆ ಯಾಂವೋ. ಕೀಲಿನ್ಯಾಗ ಕರ್ರಗ ಒಣಗಿದ್ದು ಏನು ಚಾಚಾ? ರಕ್ತ ಅಲ್ಲೇನು? ನನ್ನ ತಮ್ಮನ್ನ ಹೊಡದು ಹಾಕಿ ಚಾಕು ಕಸಗೊಂಡಾರ ಅಂತ ನನ್ನ ಮನಸ್ಸು ಹೇಳಾಕತ್ತೈತಿ. ಅದನ್ನ ನೀವು ಚಿಮಣಿ ಎಣ್ಯಾಗ ತೊಳದುಬಿಟ್ರಿ.

ನನ್ನ ತಮ್ಮ ಅದಾನೋ ಇಲ್ಲೋ, ಅಷ್ಟ ಹೇಳ್ರಿ. ನೂಲ ಹುಣ್ಣಿವಿ ಒಳಗ ನನಗ ಗೊತ್ತಾಗಬೇಕು. ಯಾಕಂತ ಬರಿಯಾಕ ಬರೂದಿಲ್ಲ.

ನೀಲಮ


(ಈ ಕಾಗದ ಪೋಸ್ಟಿಗೆ ಹಾಕಲಿಲ್ಲ. ಹಾಜರಿ ಪುಸ್ತಕದಾಗ ಇಟ್ಟೇನಿ. ನೀಲಮ)

ಶಿರಗುಪ್ಪಿ
೪ ಜುಲೈ ೨೦೨೫

ಮೌಲಾಲಿ ಚಾಚಾ,

ನಿನ್ನೆ ಬರೀದ ಮಾತು ಇವತ್ತು ಬರೀತೀನಿ. ಸಂಗ್ರಾಮಗ ಹೆಂಡತಿ ಅದಾಳ, ಪ್ರಾಜಕ್ತಾ. ಇಪ್ಪತ್ತಾರು ವರ್ಷ. ಅವ ಸತ್ತಾನಂತ ಹಿರ್ಯಾರು ತೀರ್ಮಾನ ಮಾಡ್ಯಾರ. ನೂಲ ಹುಣ್ಣಿವಿ ದಿನ ಆಕಿನ್ನ ನನ್ನ ಸಣ್ಣ ತಮ್ಮ ಸುರಜಗ ಉಡಕಿ ಮಾಡಿ ಕೊಡತಾರ. ವಾಲಗ ಇಲ್ಲ, ಮಂದಿ ಇಲ್ಲ, ಮನೀ ಒಳಗ ಒಂದು ತಾಳಿ ಕಟ್ಟಿಸಿ ಮುಗಸೂದು.

ಇದನ್ನ ಮೊದಲು ಬಾಯಿ ಬಿಟ್ಟು ಹೇಳಿದಾಕಿ ನಾನ. ಪ್ರಾಜಕ್ತಾನ ತವರಿನವರು ಆಕಿನ್ನ ಕರಕೊಂಡು ಹೋಗಿ ಐವತ್ತರ ವಿಧುರಗ ಕೊಡಾಕ ನಿಂತಿದ್ರು. ಅದಕ್ಕಿಂತ ನಮ್ಮ ಮನ್ಯಾಗ, ಸುರಜನ ಕೂಡ ಇರ್ಲಿ ಅಂದೆ. "ಅಕ್ಕಾ, ಅವ್ರು ಇಲ್ಲಂತ ನಿಮಗ ಖಾತ್ರಿ ಐತೇನ್ರಿ?" ಅಂತ ಆಕಿ ಕೇಳಿದ್ಲು. ಹೌದು ಅಂದೆ. ಅದಾದ ತಿಂಗಳಿಗೆ ನಿಮ್ಮ ಅಂಗಡ್ಯಾಗ ಚಾಕು ಕಂಡೆ.

ಒಂದು ಚಾಕು ತೋರಿಸಿ ಉಡಕಿ ನಿಲ್ಸಿರಿ ಅಂದ್ರ ಅಪ್ಪ ಕೇಳಾಂವ ಅಲ್ಲ. ಪ್ರಾಜಕ್ತಾಗ ಹೇಳಿ, ಆಮ್ಯಾಲೆ ಅವ ಸತ್ತದ್ದ ಖರೇ ಆದ್ರ ಆಕಿ ಎರಡನೇ ಸಲ ಅಳಬೇಕು. ನಿಮಗ ಬರೀಲಿ ಅಂದ್ರ, ನೀವು ಯಾರೋ ಏನೋ. ಸಂತಿ ತಿರಗಾವರು. ಮಾತು ಒಂದು ಬಾಯಿಂದ ಇನ್ನೊಂದು ಬಾಯಿಗೆ ಹೋದ್ರ ಆ ಹುಡುಗಿ ಬಾಳೇ ಹಾಳು.


ನಿಪ್ಪಾಣಿ
೧೪ ಜುಲೈ ೨೦೨೫

ಬಾಯಾರಿಗೆ ಸಲಾಮ.

ನಿಮ್ಮ ಕಾಗದ ಮುಟ್ಟಿತು. ನನಗ ಎಪ್ಪತ್ತೊಂದು ವರ್ಷ. ದಿನಾ ಎಷ್ಟೋ ಮಂದಿ ಬರತಾರ, ಹೋಗತಾರ. ಚಾಕು ಇಟ್ಟಾವನ ಮಾರಿ ನನಗ ನೆನಪಿಲ್ಲ. ಹೆಸರೂ ಗೊತ್ತಿಲ್ಲ. ಎಲ್ಲಿ ಅದಾನಂತಾನೂ ಗೊತ್ತಿಲ್ಲ. ಕೀಲಿನ್ಯಾಗ ಇದ್ದದ್ದು ಬರೇ ಕೊಳಿ.

ಸುಳ್ಳಸುಳ್ಳ ತಲಿ ಕೆಡಿಸಿಕೊಬ್ಯಾಡ್ರಿ. ಅಲ್ಲಾ ದೊಡ್ಡಾಂವ. ಚಾಕು ಕಳಿಸಿಕೊಡ್ರಿ.

ಮೌಲಾಲಿ


ಶಿರಗುಪ್ಪಿ
೨೨ ಜುಲೈ ೨೦೨೫

ಚಾಚಾ,

ಜೂನಿನ್ಯಾಗ ಮಾಲಕ ಯಾರು, ಯಾವಾಗ ಬರತಾನ, ಏನು ಹೇಳಿದ ಎಲ್ಲಾ ನಿಮಗ ಗೊತ್ತಿತ್ತು. ನಾ ಅಕ್ಕ ಅಂದ ಕೂಡ್ಲೆ ಜುಲೈದಾಗ ಎಲ್ಲಾ ಮರತು ಹೋತು. ಸಾಲಿ ಹುಡುಗ್ರು ಇದಕ್ಕಿಂತ ಚಂದ ಸುಳ್ಳು ಹೇಳತಾರ.

ಅದಕ್ಕ ರವಿವಾರ ನಾನ ನಿಪ್ಪಾಣಿಗೆ ಬಂದೆ. ಎರಡು ಬಸ್ ಬದಲಿಸಿ, ಮನ್ಯಾಗ ಟ್ರೇನಿಂಗ್ ಅಂತ ಹೇಳಿ ಬಂದೆ. ನೀವು ಕಲ್ಲಿನ ಮುಂದ ಕುಂತಿದ್ರಿ. ನಾ ನಿಂತು ಹೆಸರು ಹೇಳಿದೆ, ಕೇಳದಂಗ ಮಾಡಿದ್ರಿ. ಹಾಳಿ ಮ್ಯಾಲೆ ಬರದು ಹಿಡದೆ, ಕಣ್ಣು ಕಾಣೂದಿಲ್ಲಂತ ಕೈ ಆಡಿಸಿದ್ರಿ. ನನ್ನ ಕಾಗದ ಓದಿದ ಕಣ್ಣು ಅಷ್ಟ್ರಾಗ ಹೋದ್ವೇನು? ಬಾಜಾರಾಗ ನಿಂತು ಅತ್ತೆ ನಾನು. ನಾಕು ಮಂದಿ ನಿಂತು ನೋಡಿದ್ರು. ನೀವು ಕಾಲಿಲೆ ಚಕ್ರ ತಿರವಿಕೋತ ಒಂದು ಕುಡಗೋಲಿಗೆ ಸಾಣಿ ಹಿಡಕೋತ ಕುಂತ್ರಿ. ಆ ಕುಡಗೋಲು ಅದಾಗಲೇ ಹರಿತ ಆಗಿತ್ತು, ನನಗೂ ಕಾಣತಿತ್ತು.

ಚಾಕು ನಿಮ್ಮ ಕಲ್ಲಿನ ಮ್ಯಾಲೆ ಇಟ್ಟು ಬಂದೇನಿ. ನನ್ನ ತಮ್ಮ ಇದ್ದರ ಬಂದು ಒಯ್ಲಿ. ಅವನ್ನ ಕೊಂದಾಂವ ಇದ್ದರ ಅವನೂ ಒಯ್ಲಿ, ನನಗ ಅದು ಬ್ಯಾಡ.

ಪೋಲೀಸರ ಕಡೀ ಹೋಗಬೇಕಂತ ಮಾಡಿದ್ದೆ. ಏನಂತ ಹೇಳ್ಲಿ, ತೊಳದ ಚಾಕು ಕೊಡ್ಲೇನು? ಕಡೀ ಮಾತು ಹೇಳತೀನಿ. ಆಗಸ್ಟ್ ಎಂಟರ ತನಕ ನಿಮ್ಮ ಕಾಗದದ ದಾರಿ ನೋಡತೀನಿ. ಅವ ಇದ್ದರ ಮೂರ ಅಕ್ಷರ ಬರೀರಿ, "ಅದಾನ" ಅಂತ. ಬರೀಲಿಲ್ಲ ಅಂದ್ರ ಸತ್ತಾನಂತ ತಿಳಕೋತೀನಿ. ಆಮ್ಯಾಲೆ ನೀವು ಬರೀಬ್ಯಾಡ್ರಿ, ನಾನೂ ಬರಿಯೂದಿಲ್ಲ.

ನೀಲಮ


ನಿಪ್ಪಾಣಿ
೨೮ ಆಗಸ್ಟ್ ೨೦೨೫

ಮಗಳ ನೀಲಮ, ಈ ಮುದುಕನ ಸಲಾಮ.

ಅದಾನ! ನಿನ್ನ ತಮ್ಮ ಅದಾನ! ಸಂಗ್ರಾಮ ಜೀವಂತ ಅದಾನ. ಮೊದಲು ಇದನ್ನ ನಾಕು ಸಲ ಓದು, ಆಮ್ಯಾಲೆ ಉಳಿದದ್ದು ಓದು.

ನಿನ್ನಿಂದ ಮುಚ್ಚಿಟ್ಟದ್ದು ಎಲ್ಲಾ ಹೇಳತೀನಿ. ಮೂರು ವರ್ಷದ ಹಿಂದ ಅವ ನನ್ನ ಅಂಗಡಿಗೆ ಬಂದಾಗ ಎಡಗೈ ಟಾವೆಲ್ಲಿನ್ಯಾಗ ಸುತ್ತಿತ್ತು. ಕಲಂ ಸೀಜನ್ ಮುಗದ ಮ್ಯಾಲೆ ಬೆಲ್ಲದ ಗಾಣದಾಗ ಕೂಲಿಗೆ ನಿಂತಿದ್ದನಂತ. ಕಬ್ಬು ಕೊಡುವಾಗ ಎಡಗೈ ಗಾಣದ ಉರುಳಿ ನಡುವ ಸಿಕ್ತು. ಹೆಬ್ಬೆಟ್ಟೊಂದು ಬಿಟ್ಟು ನಾಕೂ ಬೆರಳು ಇಲ್ಲ ಮಗಳ. ಚಾಕು ಕಿಸೆದಾಗ ಇತ್ತು, ಅದಕ್ಕ ಕಬ್ಬಿನ ಹಾಲು, ಅದಕ್ಕ ರಕ್ತ. ನೀ ರಕ್ತ ಅಂದದ್ದು ಖರೇ, ಆದರ ಕೊಲೆಯ ರಕ್ತ ಅಲ್ಲ. ನಾ ಆ ದಿನ ಬರೇ ಕೊಳಿ ಅಂದೆ, ಅದು ಸುಳ್ಳು.

ಅದಕ್ಕ ಅವ ಸಾಣಿ ಬಲಗೈಗೆ ತಿರಗಿಸು ಅಂದ. ಅವನ ಬಾಯಿಂದ ಬಂದದ್ದು ಹಂಗ ಬರೀತೀನಿ: "ಚಾಚಾ, ಅಪ್ಪ ಹಗ್ಗ ಹಾಕಿ ಕಲಿಸಾಕಾಗದ್ದನ್ನ ಗಾಣ ಕಲಿಸ್ತು." ಬಲಗೈಲೆ ಒಂದು ಸೀಜನ್ ಕಲಂ ಕಟ್ಟಿ ತೋರಿಸಿದ ಮ್ಯಾಲೆ ಊರಿಗೆ ಹೋಗತೀನಿ, ಅಲ್ಲಿತನಕ ನಾ ಇದ್ದದ್ದು ಯಾರಿಗೂ ಹೇಳಬ್ಯಾಡ ಅಂತ ನನ್ನ ಕೈ ಸಾಣಿಕಲ್ಲಿನ ಮ್ಯಾಲೆ ಇಡಿಸಿ ಮಾತು ತಗೊಂಡ. ಮುರುಕ ಕೈ ತಗೊಂಡು ಅಪ್ಪನ ಮುಂದ ನಿಲ್ಲಾಕ ಅವಗ ಮನಸ್ಸಿಲ್ಲ. ಮೂರು ವರ್ಷ ಕೇಳಕೋತ ಹೋದ ತ್ವಾಟದಾಗೆಲ್ಲಾ ಕೈ ನೋಡಿ ಬ್ಯಾಡ ಅಂದ್ರು. ಚಾಕು ನನ್ನ ಹತ್ರನ ಉಳೀತು. ಈ ಸಲ ಮೀರಜ ಕಡೀ ಒಬ್ಬ ತ್ವಾಟದಾಂವ ನೂರು ಬಳ್ಳಿ ಕೊಟ್ಟ.

ನೀ ಬಂದ ದಿನ ನಿನ್ನ ತುಟಿ ಓದಿ ಎಲ್ಲಾ ತಿಳಕೊಂಡಿದ್ದೆ. ತಲಿ ಎತ್ತಿದ್ರ ಹೇಳಿಬಿಡತಿದ್ದೆ, ಅದಕ್ಕ ಕುಡಗೋಲು ಬಿಟ್ಟು ಮ್ಯಾಲೆ ನೋಡಲಿಲ್ಲ. ಪಂಚಮಿ ಎರಡು ದಿನ ಇದ್ದಾಗ ಅವ ಚಾಕು ಒಯ್ಯಾಕ ಬಂದ. ಅಕ್ಕ ಬಂದಿದ್ಲು ಅಂದೆ. ಹೋ ಅಂತ ಅತ್ತ. ಹೇಳಲೇನು ಅಂತ ಕೇಳಿದೆ. ಗಣಪತಿ ಕೂಡೂ ತನಕ ತಡಿ ಚಾಚಾ, ಕಲಂ ಹತ್ತಿದ್ರ ಹೇಳು, ಹತ್ತಲಿಲ್ಲ ಅಂದ್ರ ನಾ ಸತ್ತಾಂವನ ಅಂದ. ಎಂಟನೇ ತಾರೀಖಿನ ಮಾತು ನೀ ಬರದಿದ್ದಿ, ಅದು ನನ್ನ ತಲ್ಯಾಗ ಇತ್ತು. ನಾಕು ವರ್ಷ ತಡದಾಕಿ ಇನ್ನ ಇಪ್ಪತ್ತು ದಿನ ಅಳಲಿ, ಆಮ್ಯಾಲೆ ಜನ್ಮಪೂರ್ತಿ ನಗಲಿ ಅಂತ ತಿಳದೆ. ಮಾತೂ ಅಮಾನತ್ತ ಮಗಳ, ಇಟ್ಟಾಂವ ಕೇಳದ ಹೊರತು ತಗದು ಕೊಡಾಕ ಬರೂದಿಲ್ಲ.

ನಿನ್ನೆ ಬಂದಿದ್ದ. ನೂರಕ್ಕ ಅರವತ್ತೊಂದು ಚಿಗತಾವ! ಬಲಗೈಲೆ, ನಾಕು ಬೆರಳಿಲ್ಲದ ಎಡಗೈಲೆ ಒತ್ತಿ ಹಿಡದು! ದಸರಾಕ್ಕ ಊರಿಗೆ ಬರತಾನ. ಪ್ರಾಜಕ್ತಾಗ ಹಸರು ಸೀರಿ ತಗೋತಾನಂತ, ಯಾವ ಹಸರು ಅಂತ ಅರ್ಶಿಯಾನ ಕೇಳಿ ಕೇಳಿ ಆಕಿಗೆ ಸಾಕು ಮಾಡ್ಯಾನ. ಮನ್ಯಾಗ ಯಾರಿಗೂ ಹೇಳಬ್ಯಾಡ, ತಾನ ಬಾಗಲಾಗ ಹೋಗಿ ನಿಲ್ಲತೀನಿ ಅಂದಾನ.

ಇನ್ನರ ಈ ಮುದುಕನ್ನ ಬೈಯೂದು ಬಿಡು.

ನಿನ್ನ ಚಾಚಾ,
ಮೌಲಾಲಿ


ಶಿರಗುಪ್ಪಿ
೫ ಸೆಪ್ಟೆಂಬರ್ ೨೦೨೫

ಚಾಚಾ,

ನಿಮ್ಮ ಕಾಗದ ಸಾಲ್ಯಾಗ ಪ್ರಾರ್ಥನಾ ಮುಗದ ಮ್ಯಾಲೆ ಕೈಗೆ ಬಂತು. ಓದಿ ಬಚ್ಚಲಕ ಹೋಗಿ ಬಾಯಾಗ ಸೆರಗ ತುರಕೊಂಡು ಕುಂತೆ. ಖುಷಿಗೆ ಅಂತ ತಿಳೀಬ್ಯಾಡ್ರಿ.

ನಾ ನಿಮಗ ಹೇಳದ ಮಾತು ಒಂದಿತ್ತು. ಬರದಿದ್ದೆ, ಹಾಕಲಿಲ್ಲ. ನೂಲ ಹುಣ್ಣಿವಿ ದಿನ ನಮ್ಮ ಮನ್ಯಾಗ ಉಡಕಿ ಆತು. ಪ್ರಾಜಕ್ತಾನ್ನ ನಮ್ಮ ಸಣ್ಣಾಂವ ಸುರಜಗ ಕೊಟ್ರು. ಮುಂಜಾನೆ ನಾ ಸುರಜಗ ರಾಖಿ ಕಟ್ಟಿದೆ, ಸಂಜಿಗೆ ಅದ ಕೈಲೆ ಅವ ಆಕಿಗೆ ತಾಳಿ ಕಟ್ಟಿದ. ತಾಳಿ ಕಟ್ಟೂಕಿಂತ ಮೊದಲ ಆಕಿ ನನ್ನ ಅಡಗಿಮನಿಗೆ ಕರದು ಇನ್ನೊಮ್ಮೆ ಕೇಳಿದ್ಲು, "ಅಕ್ಕಾ, ಖಾತ್ರೀನ?" ಹಿಂದಿನ ದಿನ ಎಂಟನೇ ತಾರೀಖು. ಸಾಲಿ ಬಿಟ್ಟ ಮ್ಯಾಲೂ ಪೋಸ್ಟಮನ್ನನ ದಾರಿ ನೋಡಿ, ಬರಲಿಲ್ಲಂತ ಕಡೀ ಬಸ್ಸಿಗೆ ಕೊಕಟನೂರಿಗೆ ಹೋಗಿದ್ದೆ. ನಿಮ್ಮ ಕಾಗದ ಬರಲಿಲ್ಲ ಅನ್ನೂದ ನನಗ ಖಾತ್ರಿ ಆಗಿತ್ತು. ಖಾತ್ರಿ ಅಂದೆ. ಅವ ಆಗ ಮೀರಜದಾಗ ಬಲಗೈಲೆ ಬಳ್ಳಿ ಕಟ್ಟಾಕತ್ತಿದ್ದ.

ನಿಮ್ಮನ್ನ ಬೈಯಬೇಕಂತ ಪೆನ್ನು ಹಿಡದೆ ಚಾಚಾ. ಆಗವಲ್ತು. ಉಡಕಿ ಮಾತು ನಾ ಬರದಿದ್ರ ನೀವು ಅವತ್ತ ಓಡಿ ಬರತಿದ್ರಿ. ನೀವು ಮೂರಕ್ಷರ ಬರದಿದ್ರ ನಾ ಅಪ್ಪನ ಕಾಲಾಗ ಬಿದ್ದರ ನಿಲ್ಲಸತಿದ್ದೆ. ಆದರ ಆಕಿಗೆ ಖಾತ್ರಿ ಅಂತ ಹೇಳಿದ್ದು ನನ್ನ ಬಾಯಿ. ಅದನ್ನ ಯಾರ ಮ್ಯಾಲೆ ಹಾಕಲಿ?

ಹೋದ ವಾರ ತವರಿಗೆ ಹೋಗಿದ್ದೆ. ಪ್ರಾಜಕ್ತಾ ನಾಕು ವರ್ಷದ ಮ್ಯಾಲೆ ಹೂ ಮುಡದಿದ್ಲು. ಸುರಜ ಆಕಿನ್ನ ಗಾಡಿ ಮ್ಯಾಲೆ ಕುಂಡ್ರಿಸಿಕೊಂಡು ಕಬ್ಬಿಗೆ ನೀರು ಬಿಡಾಕ ಹೋಗಿದ್ದ, ಇಬ್ಬರೂ ನಕ್ಕೋತ ಬಂದ್ರು. ಆಗಿನ್ನೂ ನಿಮ್ಮ ಕಾಗದ ಬಂದಿರಲಿಲ್ಲ. ನಾನೂ ನಕ್ಕೆ.

ಈಗ ಅವ ದಸರಾ ದಿನ ಹಸರು ಸೀರಿ ಹಿಡಕೊಂಡು ಬಾಗಲಾಗ ನಿಂತ್ರ ಯಾರು ಏನು ಮಾಡಬೇಕು? ಸುರಜ ಅಣ್ಣನ ಮಾರಿ ಹೆಂಗ ನೋಡಬೇಕು? ಆಕಿ ಯಾರ ಮುಂದ ನಿಲ್ಲಬೇಕು? ಯೋಚನಿ ಮಾಡಿ ಮಾಡಿ ನನ್ನ ತಲಿ ಹಣ್ಣಾಗೈತಿ.

ಅವ ಇರೂ ಜಾಗ ನನಗ ಗೊತ್ತಿಲ್ಲ. ಗೊತ್ತಿದ್ರೂ ಈ ಮಾತು ಅವಗ ಹೇಳೂ ಧೈರ್ಯ ನನಗಿಲ್ಲ. ಊರಿಗೆ ಹೋಗೂಕಿಂತ ಮೊದಲ ನಿಮ್ಮಲ್ಲಿಗೆ ಬಂದ ಬರತಾನ. ತಡೀರಿ. ಹೆಂಗರ ಮಾಡಿ ತಡೀರಿ. ನನ್ನ ಕೈಲೆ ಉಂಡು ಬೆಳದ ಹುಡುಗ ಚಾಚಾ ಅವ. ನಾಕು ವರ್ಷ ಅವ ಬರಲಿ ಅಂತ ಕಂಡ ಕಂಡ ದೇವರಿಗೆ ಕೈ ಮುಗದಾಕಿ ನಾನ, ಈಗ ಬರಬ್ಯಾಡ ಅಂತ ಹೇಳಿ ಕಳಸಾಕಿನೂ ನಾನ.

ನೀಲಮ


ನಿಪ್ಪಾಣಿ
೨ ಅಕ್ಟೋಬರ್ ೨೦೨೫, ದಸರಾ

ನೀಲಮ ಟೀಚರ್ ಅವರಿಗೆ,

ನನ್ನಿಂದ ಒಂದು ದೊಡ್ಡ ತಪ್ಪು ಆಗೇತಿ, ಮಾಫಿ ಇರ್ಲಿ. ಚಾಕು ಇಟ್ಟಾಂವ ಇವತ್ತು ಬಂದಿದ್ದ. ಸರಿಯಾಗಿ ವಿಚಾರಿಸಿ ನೋಡಿದೆ. ಅವ ನಿಮ್ಮ ತಮ್ಮ ಅಲ್ಲ. ಅವನ ಹೆಸರು ರಾಜಾರಾಮ, ಊರು ಜತ್ತ ಕಡೀ. ಕೊಕಟನೂರು ಅಂಬೂ ಊರು ಅವ ಕಂಡಿಲ್ಲ. ಚಾಕು ಅವಗ ಎಲ್ಲೋ ದಾರ್ಯಾಗ ಸಿಕ್ಕಿತ್ತಂತ. ಕಿವಿ ಇಲ್ಲದಾಂವ ನಾನು, ಏನೋ ಹೇಳಿದ್ರ ಏನೋ ತಿಳಕೊಂಡೆ.

ನಿಮ್ಮ ತಮ್ಮ ಯಾವತ್ತೋ ತೀರಿಕೊಂಡಾನ. ನೀವು ಖಾತ್ರಿ ಅಂತ ಹೇಳಿದ್ದರಾಗ ತಪ್ಪಿಲ್ಲ. ಆ ಹುಡುಗಿಗೆ ಏನೂ ಹೇಳಬ್ಯಾಡ್ರಿ, ಆಕಿ ಹೂ ಮುಡೀಲಿ. ನಿಮ್ಮ ಸಣ್ಣ ತಮ್ಮಗೂ ಏನೂ ಹೇಳಬ್ಯಾಡ್ರಿ. ನಿಮ್ಮ ತಂದಿಯವರ ಪ್ರಕೃತಿ ಕಾಳಜಿ ತಗೋರಿ. ಇನ್ನ ಮ್ಯಾಲೆ ಈ ವಿಳಾಸಕ್ಕ ಕಾಗದ ಬರೀಬ್ಯಾಡ್ರಿ.

ಮೌಲಾಲಿ

ಮಗಳ, ಮ್ಯಾಲಿಂದು ಅಷ್ಟೂ ಅವ ಎದುರಿಗೆ ಕುಂತು ಹೇಳಿ ಬರಸಿದ್ದು. ನನಗ ಬಾಯಿಲೆ ಹೇಳಾಕ ಆಗಲಿಲ್ಲ, ನಿನ್ನ ಕಾಗದ ಅವನ ಕೈಯಾಗ ಕೊಟ್ಟಿದ್ದೆ. ಈಗ ಚಾ ತರಾಕ ಹೋಗ್ಯಾನ, ಬರೂದ್ರೊಳಗ ಇಷ್ಟು ಬರದು ಪಾಕೀಟು ಅಂಟಸತೀನಿ. ಒಂದೊಂದು ಸಾಲಿಗೂ ಹಾಳಿ ತಿರಗಿಸಿ ನೋಡಿದ. ಅಕ್ಷರ ಬಿಡಿಸಿ ಬರಿ ಚಾಚಾ, ತಪ್ಪು ಕನ್ನಡ ಕಂಡ್ರ ನಮ್ಮಕ್ಕಗ ಸೇರೂದಿಲ್ಲ ಅಂದ.